ಡಾಕ್ಟರು ಬರೆದುಕೊಟ್ಟ ಮೌನ

೧೯೩೮ ನವೆಂಬರ್ ೧೪, ಸೋಮವಾರ

ಇಂದಿನಿಂದ ನಾನು ಮಾತನಾಡಕೂಡದು.

ಕೋಲಾರದ ಡಾಕ್ಟರು ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ನನ್ನ ಗಂಟಲಿನೊಳಗೆ ಇಳಿಸಿ ಬಹಳ ಹೊತ್ತು ನೋಡಿದರು. ಧ್ವನಿ ಹೊರಡುವ ಎಡೆಯಲ್ಲಿ ಕಾಳಿನಂಥ ಗಂಟು ಕಟ್ಟಿದೆಯಂತೆ. ವರ್ಷಾನುಗಟ್ಟಲೆ ತರಗತಿಯಲ್ಲಿ ಕೂಗಿದ್ದರ ಫಲವಂತೆ. ನಾನು ಕೂಗಿದವಳಲ್ಲ, ಪಾಠ ಹೇಳಿದವಳು ಎಂದು ತಿದ್ದಲು ಬಾಯಿ ತೆರೆದೆ. ಅವರು ಬೆರಳೆತ್ತಿ ತಡೆದರು.

"ಇನ್ಮೇಲೆ ಒಂದು ಮಾತೂ ಆಡಬೇಡೀಮ್ಮ. ಪಿಸುಮಾತೂ ಬೇಡ. ಬೇಸಿಗೆವರೆಗೂ ಹೀಗಿದ್ರೆ ಕರಗಿದ್ರೂ ಕರಗಬಹುದು. ಕರಗದಿದ್ರೆ ಮದರಾಸಿಗೆ ಹೋಗಿ ಕೊಯ್ಸಬೇಕು. ಆಮೇಲೆ ಧ್ವನಿ ಬರುತ್ತೆ ಅಂತ ನಾನಂತೂ ಭರವಸೆ ಕೊಡಲಾರೆ."

ಔಷಧದ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದು, ಅದರ ನೆತ್ತಿಯಲ್ಲಿ ಮಾತ್ರ ನನಗಾಗಿ ಕನ್ನಡದಲ್ಲಿ 'ಮೌನ' ಎಂದು ಬರೆದು ಕೆಳಗೆ ಗೆರೆ ಎಳೆದರು. ಅಕ್ಷರ ಅಂದವಾಗಿರಲಿಲ್ಲ, ತಪ್ಪೂ ಇರಲಿಲ್ಲ.

ಜೊತೆಗೆ ಬಂದಿದ್ದವಳು ನನ್ನ ತಂಗಿ ಕದಿರಮ್ಮ. ಅವಳನ್ನು ಶ್ರೀನಿವಾಸಪುರದ ಕಡೆಗೆ ಕೊಟ್ಟಿದ್ದೆವು. ಗಂಡ ತೀರಿಕೊಂಡ ಮೇಲೆ ನನ್ನೊಡನೆಯೇ ಇದ್ದಾಳೆ. ಅಲ್ಲಿ ಅರ್ಧ ತೆಲುಗು ಕಲಿತು, ಅರ್ಧ ಕನ್ನಡ ಮರೆತು ಬಂದವಳು. ಮುಳಬಾಗಿಲಿಗೆ ಹಿಂದಿರುಗುವಾಗ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಏಮಕ್ಕಯ್ಯಾ, ಆ ಡಾಕ್ಟರು ನಿನ್ನ ಗಂಟ್ಲು ನೋಡಿದ್ರೇ ಹೊರ್ತು ನಿನ್ನ ನೋಡ್ಲಿಲ್ಲ. ನೀನು ಬೇಸ್ಗೆ ಗಂಟ ಬಾಯಿ ಮುಚ್ಕೊಂಡಿರೋದಾ? ಅಯ್ಯೋ ದೇವುಡಾ!"

ಬಸ್ಸಿನವರೆಲ್ಲ ನಕ್ಕರು. ಅವಳ ಮಾತನ್ನು ಅವಳು ಆಡಿದಂತೆಯೇ ಬರೆಯಲು ನನ್ನ ಲೇಖನಿ ಹಿಂಜರಿಯುತ್ತದೆ. ಸುಳ್ಳು ಬರೆಯುವುದಕ್ಕಿಂತ ಅಶುದ್ಧ ಬರೆಯುವುದು ಮೇಲೆಂದು ಬರೆದಿದ್ದೇನೆ.

ನನಗೆ ಚಿಂತೆಯಿರುವುದು ಗುರುವಾರದ್ದು. ಕೋಲಾರದ ಹೆಣ್ಣುಮಕ್ಕಳ ಶಾಲೆಯಿಂದ ನಿವೃತ್ತಳಾಗಿ ಹುಟ್ಟಿದೂರಿಗೆ ಬಂದ ಮೇಲೆ ಪ್ರತಿ ಗುರುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಹೆಂಗಸರಿಗೆ ವೇದಾಂತದ ಪಾಠ ನಡೆಸುತ್ತಿದ್ದೇನೆ. ಈ ಊರಿನಲ್ಲಿ ಶ್ಯಾಮಲಮ್ಮ ಎಂದರೆ ಯಾರು ಎಂಬುದಕ್ಕೆ ಇರುವ ಉತ್ತರ ಅದೊಂದೇ. ಕಳೆದ ಗುರುವಾರ "ದೇಹ ನೀನಲ್ಲ, ಮನಸ್ಸು ನೀನಲ್ಲ, ಇವೆರಡನ್ನೂ ಅರಿಯುತ್ತಿರುವ ನೀನು" ಎನ್ನುವಷ್ಟರಲ್ಲಿ ಗಂಟಲು ಕಟ್ಟಿಹೋಯಿತು. ವಾಕ್ಯ ಅಲ್ಲಿಗೇ ನಿಂತಿದೆ. ಅರ್ಧ ವಾಕ್ಯವನ್ನು ಬಿಟ್ಟು ತರಗತಿಯಿಂದ ಎದ್ದವಳೇ ಅಲ್ಲ ನಾನು. ಧ್ವನಿ ಬಂದ ದಿನ ನಾನಾಡುವ ಮೊದಲ ಮಾತು ಆ ವಾಕ್ಯದ ಉಳಿದರ್ಧವೇ ಆಗಿರಬೇಕೆಂದು ನಿಶ್ಚಯಿಸಿದ್ದೇನೆ.

ಕೃತಜ್ಞತೆಯಿಲ್ಲದೆ ದಿನವನ್ನು ಮುಗಿಸಬಾರದು. ಕೈ ಇನ್ನೂ ಬರೆಯುತ್ತದೆ. ಅದಕ್ಕಾಗಿ ಭಗವಂತನಿಗೆ ಕೃತಜ್ಞಳು. ಇಂದಿಗೆ ಇಷ್ಟೇ ಸಾಧ್ಯ.

ನವೆಂಬರ್ ೧೭, ಗುರುವಾರ

ಪಾಠ ನಿಲ್ಲಬಾರದೆಂದು ಇಡೀ ವ್ಯಾಖ್ಯಾನವನ್ನು ಕಾಗದದಲ್ಲಿ ಬರೆದು ಕದಿರಮ್ಮನ ಕೈಗೆ ಕೊಟ್ಟೆ. ಅವಳು ಒಂದು ವಾಕ್ಯವನ್ನು ಓದುವಳು, ಮುಂದಿನದನ್ನು ತಾನೇ ಕಟ್ಟುವಳು. ನಾನು ಸ್ಲೇಟಿನ ಮೇಲೆ ಬಳಪದಿಂದ ಕುಟ್ಟಿ ಎಚ್ಚರಿಸಿದರೆ, "ಅಕ್ಕಯ್ಯ ಬಾಗ್ಲು ತಟ್ತಾ ಅವ್ಳೆ, ಯಾರಾನಾ ತೆಗೀರೇ" ಎಂದು ಎಲ್ಲರನ್ನೂ ನಗಿಸುವಳು.

ಆತ್ಮಕ್ಕೆ ಹುಟ್ಟಿಲ್ಲ, ಸಾವಿಲ್ಲ ಎಂಬಲ್ಲಿಗೆ ಬಂದು ಕಾಗದವನ್ನು ಮಡಿಚಿಟ್ಟಳು. "ಮುಂದಕ್ಕಿರೋದು ಅಕ್ಕಯ್ಯ ಹೇಳಿದ್ರೇನೇ ಚೆಂದ ಕಣ್ರೇ. ನಾನು ಹೇಳಿದ್ರೆ ಸಾರಿಗೆ ಹುಣ್ಸೆಹಣ್ಣು ಜಾಸ್ತಿ ಆದಂಗಿರ್ತದೆ."

ನನ್ನ ಪಾಠದಲ್ಲಿ ಇಷ್ಟು ನಗು ಎಂದೂ ಇರಲಿಲ್ಲ, ಇರಕೂಡದು. ಊಟ ಬೇಡವೆಂದು ಸನ್ನೆ ಮಾಡಿ ಮಲಗಲು ಹೋಗುತ್ತಿದ್ದೇನೆ.

ನವೆಂಬರ್ ೧೮

ಬೆಳಿಗ್ಗೆ ಅಡುಗೆಮನೆಯಲ್ಲಿ ನೋಡಿದರೆ ಪಾತ್ರೆಯಲ್ಲಿ ಮುದ್ದೆಗಳೆರಡೂ ಹಾಗೆಯೇ ಇದ್ದವು. ಕದಿರಮ್ಮನೂ ಉಂಡಿರಲಿಲ್ಲ. ಏಕೆಂದು ಸ್ಲೇಟಿನಲ್ಲಿ ಕೇಳಿದೆ. "ಹಸಿವಿರ್ಲಿಲ್ಲ" ಎಂದಳು. ಅವಳಿಗೆ ಹಸಿವಿಲ್ಲದ ದಿನವನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ನವೆಂಬರ್ ೨೬, ಶನಿವಾರ

ಹೊಸದೊಂದು ವಿಪತ್ತು. ನಮ್ಮ ಬೀದಿಯ ಸುಬ್ಬರಾಯಪ್ಪನವರು, ಕಂದಾಯ ಇಲಾಖೆಯ ನಿವೃತ್ತ ಶೇಕದಾರರು, ಕುರುಡುಮಲೆಯ ಗಣಪತಿಗೆ ಪೂಜೆ ಮಾಡಿಸಿಕೊಂಡು ಬಂದು, ಪ್ರಸಾದದೊಡನೆ ಒಂದು ಎಳನೀರನ್ನೂ ನನ್ನ ಮುಂದಿಟ್ಟು ಕೈಮುಗಿದರು. ನಾನು ಮೌನವ್ರತ ಹಿಡಿದಿದ್ದೇನೆಂದು ಊರೆಲ್ಲ ಸುದ್ದಿಯಂತೆ. ಆತ್ಮಸಾಧನೆಗಾಗಿ!

"ಇದು ವ್ರತವಲ್ಲ, ವೈದ್ಯರ ಆಜ್ಞೆ" ಎಂದು ಸ್ಲೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಇರ್ಬೌದಮ್ಮ. ಡಾಕ್ಟರು ನಿಮಿತ್ತ ಮಾತ್ರ ಅಲ್ವೇ? ಯಾರ ಬಾಯಿಂದ ಬಂದ್ರೇನು, ಅಪ್ಪಣೆ ಮೇಲಿಂದ್ಲೇ. ತಾವೇ ಹಿಂದೆ ಪಾಠದಲ್ಲಿ ಹೇಳಿದ್ರಂತೆ. ನಮ್ಮನೆಯವಳು ಬಂದು ಹೇಳಿದ್ಲು."

ಹೇಳಿದ್ದುಂಟು. ನಾನು ಹೇಳಿದ ತತ್ತ್ವವನ್ನು ಇಷ್ಟು ಸಮರ್ಪಕವಾಗಿ ಪ್ರಯೋಗಿಸಿದವರು ಇವರೇ ಮೊದಲಿಗರು; ಪ್ರಯೋಗ ನನ್ನ ಮೇಲೆಯೇ ಆಯಿತು. "ಹಾಗಲ್ಲ" ಎಂದು ಬರೆದೆ.

"ಆಹಾ, ವಿನಯ ನೋಡಿ!" ಎಂದು ಇನ್ನೊಮ್ಮೆ ಕೈಮುಗಿದು ಹೋದರು.

ಸಂಜೆಗೆ ಹಳ್ಳಿಯ ಹೆಂಗಸರು ಬಾಳೆಹಣ್ಣು ಹಿಡಿದು ಬಂದರು. ಅವರಿಗೆ ಓದು ಬಾರದು. ಸ್ಲೇಟನ್ನು ತೋರಿಸಿದರೆ ಸ್ಲೇಟಿಗೂ ಕೈಮುಗಿದರು. ಓದಿ ಹೇಳೆಂದು ಕದಿರಮ್ಮನಿಗೆ ಸನ್ನೆ ಮಾಡಿದೆ. ಅವಳು ನಾನು ಬರೆದುದನ್ನು ನೋಡಿ, "ಎಲ್ಲಾರ್ಗೂ ಒಳ್ಳೇದಾಗ್ಲಿ ಅಂತ ಬರ್ದವ್ರೆ" ಎಂದಳು.

ಅವರು ಹೋದ ಮೇಲೆ ನಾನು ನೋಡಿದ ನೋಟಕ್ಕೆ ಅವಳ ಉತ್ತರ: "ಅಂಗೆ ನೋಡ್ಬೇಡ ಅಕ್ಕಯ್ಯಾ. ಬಿಸ್ಲಲ್ಲಿ ಅಷ್ಟು ದೂರದಿಂದ ನಡ್ಕೊಂಡು ಬಂದವ್ರೆ. ಗಂಟ್ಲಲ್ಲಿ ಗಂಟು ಅಂತ ಹೇಳಿ ಮುಖ ಮುರ್ದು ಕಳಿಸ್ಲಾ?"

ಎಳನೀರು ಬಹಳ ಸಿಹಿಯಾಗಿತ್ತು. ಸುಳ್ಳಿನಿಂದ ಬಂದ ಎಳನೀರೂ ಗಂಟಲಿಗೆ ತಂಪನ್ನೇ ಮಾಡುತ್ತದೆಂಬುದು ನನಗೆ ಅಸಮಾಧಾನ ತಂದಿದೆ.

ಡಿಸೆಂಬರ್ ೨, ಶುಕ್ರವಾರ

ಹಾಲಿನವಳು ಏನನ್ನೋ ತಪ್ಪಾಗಿ ನುಡಿದಳು. ತಿದ್ದುವ ಮಾತು ನಾಲಗೆಯ ತುದಿಗೆ ಬಂದು, ಹೊರಗೆ ಹೋಗಲಾರದೆ ನಿಂತಿತು. ಸ್ವಲ್ಪ ಹೊತ್ತು ನಿಂತು ತಾನಾಗಿಯೇ ಹೋಯಿತು. ಅದು ಬಂದುದನ್ನೂ ಹೋದುದನ್ನೂ ನೋಡಿದೆ. ಹೀಗೆ ಎಂದೂ ನೋಡಿರಲಿಲ್ಲ, ಬಂದೊಡನೆ ಆಡಿಬಿಡುತ್ತಿದ್ದೆ.

ಮಾತು ನೀನಲ್ಲ ಎಂದು ಎಷ್ಟೋ ಗುರುವಾರ ಹೇಳಿದ್ದೇನೆ. ಹೇಳಿದ್ದು ಮಾತಿನಿಂದ, ಗಟ್ಟಿಯಾದ ಧ್ವನಿಯಲ್ಲಿ.

ಡಿಸೆಂಬರ್ ೮, ಗುರುವಾರ

ಅವರೆಕಾಯಿಯ ಕಾಲ. ಪಾಠಕ್ಕೆ ಬಂದವರು ನೆನೆಸಿದ ಅವರೆಕಾಳಿನ ಬೋಗುಣಿಯನ್ನೇ ತಂದು ನಡುವೆ ಇಟ್ಟುಕೊಂಡು ಹಿದುಕುತ್ತ ಕುಳಿತರು. ಪಾಠದ ಹೊತ್ತಿನಲ್ಲಿ ಕೈಗೆಲಸ ಕೂಡದೆಂಬುದು ನನ್ನ ನಿಯಮ. ನಿಯಮವನ್ನು ಜ್ಞಾಪಿಸಲು ಬಾಯಿಲ್ಲ. ಎರಡು ಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಜಾರಿ ಬೀಳುತ್ತದೆ. ಕೈಗಳು ತೊಡಗಿದ್ದುದರಿಂದಲೋ ಏನೋ, ಕದಿರಮ್ಮ ಓದಿದ್ದನ್ನು ಎಲ್ಲರೂ ಸದ್ದಿಲ್ಲದೆ ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ನಾನೂ ಹಿದುಕಿದೆ.

ಎಲ್ಲರೂ ಹೋದ ಮೇಲೆ ಒಬ್ಬಳು ಉಳಿದಳು. ಮುನಿಶಾಮಮ್ಮ, ಊರಾಚೆಯ ತೋಟದ ಮನೆಯ ಸೊಸೆ. ಮಡಿಲಲ್ಲಿ ನಾಲ್ಕು ವರ್ಷದ ಮಗಳು ಆವಲಮ್ಮ. ಈ ಮಗು ಹುಟ್ಟಿದಂದಿನಿಂದ ಒಂದು ಮಾತನ್ನೂ ಆಡಿಲ್ಲ.

"ಅಮ್ಮಾ, ತಪ್ಪು ತಿಳೀಬ್ಯಾಡಿ. ನೀವು ಮಾತು ಬುಟ್ಟಿದ್ದೀರಲ್ಲ, ಅಷ್ಟು ಮಾತೂ ಎಲ್ಲೋ ಒಂದ್ಕಡೆ ಇರ್ಬೇಕಲ್ವಾ? ನಿಮ್ಗೆ ಬ್ಯಾಡದ್ದು ಅದು. ಅದ್ರಾಗೆ ಒಸಿ ನನ್ನ ಕೂಸಿಗೆ ಕೊಡಿ ತಾಯೀ."

ನಾನು ಸ್ಲೇಟಿಗೆ ಕೈಹಾಕಿದೆ. ಅವಳು ನನ್ನ ಕೈ ಹಿಡಿದಳು.

"ಅದು ಬ್ಯಾಡಮ್ಮ. ನಂಗೆ ಓದಕ್ಕೆ ಬರಾಕಿಲ್ಲ. ಮನಸ್ನಾಗೆ ಅಂದ್ಕೊಳ್ಳಿ, ಸಾಕು. ಆದ್ರೆ ಒಂದು. ನೀವು ತಿರ್ಗಾ ಮಾತಾಡಕ್ಕೆ ಸುರು ಮಾಡ್ಬುಟ್ರೆ, ಕೊಟ್ಟಿದ್ದು ನಿಮ್ಗೇ ವಾಪಸ್ ಬಂದ್ಬುಡ್ತದೆ. ಇವ್ಳು ಆಡೋ ಗಂಟ ಕಾಯ್ತೀರಾ?"

ಅಡುಗೆಮನೆಯ ಬಾಗಿಲಲ್ಲಿ ಕದಿರಮ್ಮ ನಿಂತು ನನ್ನನ್ನೇ ನೋಡುತ್ತಿದ್ದಳು.

ಮಾತೆಂಬುದು ಎತ್ತಿಟ್ಟು ಇನ್ನೊಬ್ಬರಿಗೆ ಕೊಡುವ ವಸ್ತುವಲ್ಲವೆಂದು ಆ ತಾಯಿಗೆ ತಿಳಿಸಬೇಕು. ಅದಕ್ಕಿಂತ ಮೊದಲು, ನಾನು ಏನನ್ನೂ ಬಿಟ್ಟವಳಲ್ಲವೆಂದು ತಿಳಿಸಬೇಕು. ನನಗೆ ನನ್ನ ಧ್ವನಿ ಬೇಕು. ದಿನವೂ ಅದಕ್ಕಾಗಿಯೇ ಎದ್ದು ಮಲಗುತ್ತಿದ್ದೇನೆ. ನಾನು ತಲೆಯಾಡಿಸಲಿಲ್ಲ. ಆಡಿಸಲಿಲ್ಲವೆಂದು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ಮಗುವಿನ ತಲೆಯ ಮೇಲೆ ಕೈಯಿಟ್ಟದ್ದು ನಿಜ. ಅದು ತೀರ ಹತ್ತಿರ ಬಂದು ನಿಂತಿತ್ತು.

ಡಿಸೆಂಬರ್ ೧೨, ಸೋಮವಾರ

"ಅಮ್ಮೋರ ಗಾಳಿ ಸೋಕ್ಲಿ" ಎಂದು ಮುನಿಶಾಮಮ್ಮ ತೋಟದ ಕೆಲಸಕ್ಕೆ ಹೋಗುವಾಗ ಮಗುವನ್ನು ಇಲ್ಲಿ ಬಿಟ್ಟುಹೋಗುತ್ತಿದ್ದಾಳೆ. ಗಾಳಿಯಿಂದ ಏನೂ ಆಗದು. ಪರೀಕ್ಷೆಯಿಂದ ತಿಳಿಯಬಹುದು. ಮಗುವಿನ ಬೆನ್ನ ಹಿಂದೆ ಹಿತ್ತಾಳೆಯ ತಟ್ಟೆಯನ್ನು ಬೀಳಿಸಿದೆ. ಥಟ್ಟನೆ ತಿರುಗಿತು. ಕೋಲಾರದ ಬಸ್ಸಿನ ಹಾರನ್ನು ನಮಗಿಂತ ಮೊದಲೇ ಕೇಳಿಸಿಕೊಂಡು ಬಾಗಿಲಿಗೆ ಓಡುತ್ತದೆ. ಕಿವಿ ಚೆನ್ನಾಗಿದೆ! ಕಿವಿ ಇದ್ದರೆ ದಾರಿಯಿದೆ. ಇಷ್ಟು ಸಂತೋಷವಾಗಿ ಎಷ್ಟೋ ಕಾಲವಾಗಿತ್ತು.

ಈಗ ಮನೆಯಲ್ಲಿ ಮಾತಿಲ್ಲದವರು ಇಬ್ಬರು. ಕೊರತೆಯೇನೂ ಆಗಿಲ್ಲ, ಕದಿರಮ್ಮ ಮೂವರ ಪಾಲನ್ನೂ ಒಬ್ಬಳೇ ಆಡುತ್ತಾಳೆ. ನಾನು ಸ್ಲೇಟಿನಲ್ಲಿ ಎಮ್ಮೆಯ ಚಿತ್ರ ಬರೆದರೆ ಮಗು ಅಳಿಸುತ್ತದೆ. ಮತ್ತೆ ಬರೆಯುತ್ತೇನೆ.

ಡಿಸೆಂಬರ್ ೨೪, ಶನಿವಾರ

ಮುನಿಶಾಮಮ್ಮ ಇಂದು ಮಗುವನ್ನು ಕರೆದೊಯ್ಯಲು ಬಂದವಳು ಕಂಬಕ್ಕೆ ಒರಗಿ ಕುಳಿತು ಮಾತಿಗೆ ಆರಂಭಿಸಿದಳು.

"ಇವ್ಳಿಗೆ ಆವಲಮ್ಮ ಅಂತ ಹೆಸ್ರಿಟ್ಟಿದ್ದು ನಮ್ಮತ್ತೇನೇ ಅಮ್ಮ. ಅವ್ರ ಅವ್ವನ ಹೆಸ್ರು. ಈಗ ಆ ಹೆಸ್ರಲ್ಲಿ ಕರಿಯಾಕಿಲ್ಲ. ಏ ಮೂಗಿ ಬಾ, ಏ ಮೂಗಿ ಉಣ್ಣು. ಅಕ್ಕಪಕ್ಕದೋರೂ ಅಂಗೇ. ನಾನು ಆವಲೀ ಅಂತ ಕರೆದ್ರೆ ಇದು ತಿರ್ಗೇ ನೋಡಾಕಿಲ್ಲ. ಮೂಗಿ ಅಂದ್ರೆ ಓಡಿ ಬತ್ತದೆ. ಅದೇ ತಾನು ಅಂದ್ಕೊಂಡುಬುಟ್ಟದೆ ಅಮ್ಮ. ಅದೇ ತಾನು ಅಂತ."

ದೀಪ ಹಚ್ಚುವ ಹೊತ್ತಿನವರೆಗೆ ಹೇಳಿದಳು. ಹಿಂದಾಗಿದ್ದರೆ ಅವಳ ಮೊದಲನೆಯ ವಾಕ್ಯದಲ್ಲಿಯೇ ನಾನು ನಡುವೆ ಬಂದಿರುತ್ತಿದ್ದೆ. ಒಬ್ಬರ ಮಾತನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದು ಇದೇ ಮೊದಲೇನೋ. ಹೋಗುವಾಗ ಅವಳ ಮುಖ ತೊಳೆದಂತಾಗಿತ್ತು. "ಎಷ್ಟು ಚೆನ್ನಾಗಿ ಹೇಳಿದ್ರಮ್ಮ" ಎಂದು ನನ್ನ ಕಾಲು ಮುಟ್ಟಿದಳು.

ಆಮೇಲೆ ಶಾಲೆಯ ಹಾಜರಿಯ ನೆನಪಾಯಿತು. ಉಪಾಧ್ಯಾಯಿನಿ ಒಂದೊಂದೇ ಹೆಸರನ್ನು ಕರೆಯುತ್ತಾಳೆ. ಬಂದವರು ಓಗೊಡುತ್ತಾರೆ, ಬಾರದವರ ಎದುರು ಗುರುತು ಬೀಳುತ್ತದೆ. ಕರೆಯುವವಳ ಹೆಸರು ಆ ಪುಸ್ತಕದಲ್ಲಿ ಇರುವುದೇ ಇಲ್ಲ. ಅವಳಿಲ್ಲದೆ ಹಾಜರಿಯೂ ಇಲ್ಲ. ನನ್ನೊಳಗೂ ಹಾಗೆಯೇ ಹಾಜರಿ ಕರೆದು ನೋಡಿದೆ. ಸಿಟ್ಟು ಬಂದಿದೆ. ಹೆಮ್ಮೆ ಬಂದಿದೆ. ಮೊಣಕಾಲಿನ ನೋವು ಬಂದಿದೆ. ಧ್ವನಿ ಇಂದು ಬಂದಿಲ್ಲ. ಧ್ವನಿ ಬಂದಿಲ್ಲವೆಂದು ಗುರುತು ಹಾಕಿದವಳಿಗೆ ಏನೂ ಆಗಿಲ್ಲ.

ಪಾಠಕ್ಕೆ ಒಳ್ಳೆಯ ಉದಾಹರಣೆ ಎಂದುಕೊಂಡೆ. ಅಷ್ಟಕ್ಕೆ ನಿಲ್ಲಿಸದೆ, ಶಾಲೆಯಲ್ಲಿ ನನಗಿದ್ದ 'ಮೇಷ್ಟ್ರಮ್ಮ' ಎಂಬ ಹೆಸರನ್ನೂ ಒಳಗೇ ಕರೆದು ನೋಡಿದೆ.

ಅದೂ ಬಂದಿದ್ದೇನೆಂದಿತು.

೧೯೩೯ ಜನವರಿ ೧೪, ಶನಿವಾರ. ಸಂಕ್ರಾಂತಿ

ಎಳ್ಳು ಬೀರಲು ಬಂದವರೆಲ್ಲ ನನ್ನೆದುರು ತಡವರಿಸಿದರು. ಎಳ್ಳು ಕೊಟ್ಟು ಒಳ್ಳೆಯ ಮಾತನಾಡೆಂದು ಹೇಳುವುದು ವಾಡಿಕೆ. ಮೌನಿಗೆ ಹಾಗೆ ಹೇಳುವುದು ಹೇಗೆ? "ನಮ್ಮಕ್ಕಯ್ಯಂಗೆ ಬರೀ ಕೊಬ್ರಿ ಕೊಡ್ರೇ, ಅಗ್ದು ಅಗ್ದು ಬಾಯಿಗೆ ಕೆಲ್ಸ ಇರ್ಲಿ" ಎಂದಳು ಕದಿರಮ್ಮ. ಶಬ್ದ ಬಾರದಂತೆ ನಕ್ಕು ನಕ್ಕು ನನಗೆ ಪಕ್ಕೆ ನೋವು ಬಂತು. ಡಾಕ್ಟರು ನಗುವನ್ನು ನಿಷೇಧಿಸಿಲ್ಲ.

ಮಗುವಿನ ಕೈಗೆ ನಾನೇ ಸಕ್ಕರೆ ಅಚ್ಚಿನ ಗಿಳಿಯೊಂದನ್ನು ಕೊಟ್ಟೆ. ಅದು ಗಿಳಿಯ ತಲೆಯನ್ನು ಕಚ್ಚಿ, ಉಳಿದುದನ್ನು ನನ್ನ ಬಾಯಿಗಿಟ್ಟಿತು.

ಜನವರಿ ೩೦

ಬರೆಯುವಂಥದ್ದು ಏನೂ ಇಲ್ಲ. ಬಿಸಿಲು ಹಿತವಾಗಿತ್ತು. ಮಗು ನನ್ನ ತೊಡೆಯ ಮೇಲೆ ನಿದ್ದೆ ಮಾಡಿತು. ಕಾಲು ಜೋಮು ಹಿಡಿಯಿತು.

ಫೆಬ್ರವರಿ ೧೩, ಸೋಮವಾರ

ಕೋಲಾರಕ್ಕೆ ಹೋಗಿಬಂದೆವು. ಗಂಟು ಕರಗುತ್ತಿದೆ. ಇನ್ನೊಂದು ತಿಂಗಳು ಹೀಗೆಯೇ ಇದ್ದರೆ ಮದರಾಸಿನ ಮಾತೇ ಬೇಡವೆಂದರು. ಆ ಒಳ್ಳೆಯ ಮನುಷ್ಯರಿಗೆ ಆಯುಷ್ಯವಾಗಲಿ.

ಆಸ್ಪತ್ರೆಯ ಜಗಲಿಯಲ್ಲಿ ಕದಿರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. "ಈ ಅಕ್ಕಯ್ಯ ಬೈದೇ ಇರೋ ಮನೆ ನಂಗೆ ಮನೆ ಅನ್ಸಲ್ಲ. ಬೇಗ ವಾಸಿ ಮಾಡ್ಕೊಂಡು ಬೈಯೇ, ಸಾಕು." ಎಲ್ಲರೂ ನೋಡುತ್ತಿದ್ದರು. ನಾನು ಅವಳ ಬೆನ್ನು ಸವರುತ್ತ ಕುಳಿತೆ.

ಬಸ್ಸಿನಲ್ಲಿ, ಆ ಅರ್ಧ ವಾಕ್ಯದ ಉಳಿದ ಭಾಗವನ್ನು ಮನಸ್ಸಿನಲ್ಲಿ ಒಪ್ಪಮಾಡಿಕೊಳ್ಳೋಣವೆಂದು ಹುಡುಕಿದೆ. ನವೆಂಬರಿನಲ್ಲಿ ಬಹಳ ಸೊಗಸಾಗಿ ಕಟ್ಟಿಟ್ಟಿದ್ದೆ. ಸಿಕ್ಕಲಿಲ್ಲ. ಹೊರಗೆ ಹುಣಿಸೆಮರಗಳು ಹೋಗುತ್ತಿದ್ದವು.

ಮಾರ್ಚ್ ೧೩, ಸೋಮವಾರ

ಡಾಕ್ಟರು ಕನ್ನಡಿಯನ್ನು ಹೊರತೆಗೆದು "ಆ ಅನ್ನಿ" ಎಂದರು. ಅಂದೆ. ಒಡಕು ಮಡಕೆಯಲ್ಲಿ ನೀರು ಸುರಿದಂಥ ಶಬ್ದ ಬಂತು.

"ಧ್ವನಿ ಇಷ್ಟೇ ಉಳಿಯೋದು ಅಮ್ಮ. ಊಟಕ್ಕೆ ಉಪ್ಪಿನಕಾಯಿ ಹಾಕ್ಕೊಂಡ ಹಾಗೆ ದಿನಕ್ಕೆ ಅಷ್ಟು ಇಷ್ಟು ಮಾತಾಡಿ. ಪಾಠ, ಪುರಾಣ, ಜಗಳ ಇವು ಮಾತ್ರ ಜನ್ಮಕ್ಕೆ ಬೇಡ. ಜಾಸ್ತಿ ಆದ್ರೆ ಗಂಟು ತಿರುಗಿ ಬರುತ್ತೆ."

ಪಾಠ ಜನ್ಮಕ್ಕೆ ಬೇಡ. ಆ ಮಾತು ಎದೆಗೆ ಬಂದು ತಾಗಿತು. ತಾಗಿದ್ದು ಗೊತ್ತಾಯಿತು. ಆದರೂ ಅವರಿಗೆ ಮನಸಾರೆ ಕೈಮುಗಿದೆ. ಕೊಟ್ಟದ್ದು ಎಷ್ಟಾದರೇನು, ಕೊಟ್ಟರಲ್ಲ.

ಮುಳಬಾಗಿಲಿನಲ್ಲಿ ಬಸ್ಸು ಇಳಿಯುವಾಗ ಮುನಿಶಾಮಮ್ಮ ಮಗುವಿನ ಕೈ ಹಿಡಿದು ನಿಂತಿದ್ದಳು. ಕದಿರಮ್ಮ ಮೆಟ್ಟಿಲಿನ ಮೇಲಿಂದಲೇ ಕೂಗಿದಳು: "ಬಂತು ಕಣೇ! ಅಕ್ಕಯ್ಯಂಗೆ ಮಾತು ಬಂತು!"

ಮುನಿಶಾಮಮ್ಮ ಮಗುವನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು.

"ಒಳ್ಳೇದಾಯ್ತಮ್ಮ. ನಿಮ್ದು ನಿಮ್ಗೇ ಬಂತು. ನಮ್ದು ಅಂಗಾದ್ರೆ ಮುಗೀತು" ಎಂದು, ತಿರುಗಿ ನೋಡದೆ ಹೊರಟುಹೋದಳು.

ಮಾರ್ಚ್ ೧೪

ಇಡೀ ದಿನ ಮಾತನಾಡಲಿಲ್ಲ. "ಏನಾರಾ ಅನ್ನೇ, ಥೂ ಅಂತಾನಾರಾ ಅನ್ನೇ" ಎಂದು ಕದಿರಮ್ಮ ಕಾಡಿದಳು. ಮುನಿಶಾಮಮ್ಮ ಮಗುವನ್ನು ಕರೆತರಲಿಲ್ಲ. ಸ್ಲೇಟಿನ ಮೇಲೆ ಮೊನ್ನೆಯ ಎಮ್ಮೆ ಅಳಿಯದೆ ಉಳಿದಿದೆ. ಮಾತೇ ಆಡದ ಮಗು ಬಾರದಿದ್ದರೆ ಮನೆ ಇಷ್ಟು ನಿಶ್ಶಬ್ದವಾಗುವುದು ಹೇಗೆ?

ನಾನು ಮಾತನಾಡಿದರೆ ತನ್ನ ಮಗಳ ಮಾತನ್ನು ನಾನು ಕದ್ದೆನೆಂದು ಆ ತಾಯಿ ಅಂದುಕೊಳ್ಳುತ್ತಾಳೆ. ಆಡದೆ ಉಳಿದರೆ ಈ ಊರಿನಲ್ಲಿ ಬದುಕಿರುವವರೆಗೂ ಸುಳ್ಳು ಮೌನಿಯಾಗಿರುತ್ತೇನೆ. ಸುಳ್ಳಿನ ಮೇಲೆ ಕುಳಿತು ಆತ್ಮದ ಮಾತನ್ನು ಕೇಳುವುದೂ ಸಲ್ಲದು.

ಮಾರ್ಚ್ ೧೫

ಬೆಳಿಗ್ಗೆ ತುಳಸಿಗೆ ನೀರೆರೆಯುವಾಗ ಹೊಳೆಯಿತು. ಮಾತು ಎತ್ತಿಟ್ಟು ಇನ್ನೊಬ್ಬರಿಗೆ ಕೊಡುವ ವಸ್ತುವಲ್ಲವೆಂದು ಡಿಸೆಂಬರಿನಲ್ಲಿ ಬರೆದಿದ್ದೇನೆ. ಯೋಚಿಸದೆ ಬರೆದದ್ದು. ಅಷ್ಟು ವರ್ಷ ಕೋಲಾರದಲ್ಲಿ ನಾನು ಮಾಡಿದ ಕೆಲಸ ಬೇರೇನು?

ಮಾರ್ಚ್ ೧೬, ಗುರುವಾರ

ಪಾಠಕ್ಕೆ ಎಂದಿಗಿಂತ ಹೆಚ್ಚು ಜನ. ಸುಬ್ಬರಾಯಪ್ಪನವರು ಮೌನದ ಸಮಾಪ್ತಿಗೆಂದು ಸೇವಂತಿಗೆಯ ಹಾರ ಹಿಡಿದು ಬಂದಿದ್ದರು. ಮುನಿಶಾಮಮ್ಮ ಮಾತ್ರ ಬಂದಿರಲಿಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಎದ್ದು, ಕೊಡೆ ತೆಗೆದುಕೊಂಡು, ಬೀದಿಗಿಳಿದು ನಡೆದೆ. ಹಿಂದೆ ಕದಿರಮ್ಮ, ಅವಳ ಹಿಂದೆ ಹೆಂಗಸರು, ಎಲ್ಲರ ಹಿಂದೆ ಹಾರ ಹಿಡಿದುಕೊಂಡು ಸುಬ್ಬರಾಯಪ್ಪನವರು. ದಾರಿಯವರು ಯಾವ ಉತ್ಸವವೆಂದು ಕೇಳುತ್ತಿದ್ದರು.

ತೋಟದ ಮನೆಯ ಅಂಗಳದಲ್ಲಿ ಮಗು ಕಲ್ಲು ಜೋಡಿಸುತ್ತ ಕುಳಿತಿತ್ತು. ಅದರ ಅಜ್ಜಿ ಬಾಗಿಲಿನಿಂದ, "ಏ ಮೂಗಿ, ಜನ ಬತ್ತಾವ್ರೆ, ಒಳೀಕ್ ಬಾ" ಎಂದು ಕೂಗಿದರು. ಮಗು ಏಳಲು ಹೊರಟಿತು.

"ಆವಲಮ್ಮ" ಎಂದೆ.

ನಾಲ್ಕು ತಿಂಗಳ ಮೇಲೆ ನನ್ನ ಬಾಯಿಂದ ಹೊರಟ ಮೊದಲ ಮಾತು ಅದು. ಒಡಕು ಧ್ವನಿ, ಆದರೆ ಅಂಗಳಕ್ಕೆ ಸಾಲುವಷ್ಟು. ಮಗುವಿಗಿಂತ ಮೊದಲು ಅಜ್ಜಿ ತಿರುಗಿದರು. ತಮ್ಮ ತಾಯಿಯ ಹೆಸರನ್ನು ಕೇಳಿ ಬಹಳ ಕಾಲವಾಗಿತ್ತೇನೋ. ಆಮೇಲೆ ಮಗು ನನ್ನ ತುಟಿಗಳನ್ನೇ ನೋಡುತ್ತ ನಿಂತಿತು. ನನ್ನಿಂದಲೂ ಶಬ್ದ ಬರುತ್ತದೆಂದು ಅದಕ್ಕೆ ತಿಳಿದಿರಲಿಲ್ಲ.

ಮುನಿಶಾಮಮ್ಮ ಹಿತ್ತಲಿನಿಂದ ಓಡಿ ಬಂದಳು. ಅವಳಿಗೆ ಹೇಳಿದೆ:

"ನಾನು ಮಾತು ಬಿಟ್ಟವಳಲ್ಲ ತಾಯಿ. ಗಂಟ್ಲಿಗೆ ಕಾಯಿಲೆ ಆಗಿತ್ತು, ಡಾಕ್ಟರು ಬಿಡ್ಸಿದ್ರು. ಆದ್ರೆ ನೀನು ಕೇಳಿದ್ದನ್ನ ಕೊಡ್ತೀನಿ. ಕೊಡ್ಬೇಕಾದ್ರೆ ಇವಳ ಎದುರಿಗೆ ಆಡ್ಬೇಕು. ಆಡಿದ್ರೇನೇ ಕೊಟ್ಟಂಗೆ. ದಿನಕ್ಕೆ ನಂಗಿರೋದು ಒಸಿ ಮಾತು. ಅಷ್ಟೂ ಇವಳಿಗೇ."

ಅವಳು ಮಗುವಿನ ಪಕ್ಕಕ್ಕೆ ಬಂದು ನಿಂತಳು. "ಆಡಿದ್ರೆ ಕಮ್ಮಿ ಆಗಾಕಿಲ್ವಾ?" ಎಂದಳು.

ಇಲ್ಲವೆಂದು ತಲೆಯಾಡಿಸಿದೆ. ಅಷ್ಟರಲ್ಲಿ ಗಂಟಲು ಉರಿಯುತ್ತಿತ್ತು. ಅವಳು ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

"ಕಾಯಿಲೆ ಅಂತೆ ಕಣ್ರಯ್ಯ" ಎಂದು ಯಾರೋ ಗೊಣಗಿದರು. ಸುಬ್ಬರಾಯಪ್ಪನವರು ಹಾರದೊಡನೆ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ನನ್ನಲ್ಲಿ ಇನ್ನೆರಡು ಮಾತು ಉಳಿದಿತ್ತು. "ಡಾಕ್ಟರಿಗೆ ಹಾಕಿ" ಎಂದೆ.

"ಅವ್ರು ನಿಮಿತ್ತ ಮಾತ್ರ ಅಲ್ವೇ ಅಮ್ಮಾ..."

"ಕೊಡೀ ಸ್ವಾಮಿ ಇಲ್ಲಿ, ಹೂವು ಬಾಡ್ತದೆ" ಎಂದು ಕದಿರಮ್ಮ ಹಾರವನ್ನು ಕಿತ್ತುಕೊಂಡು ಮಗುವಿನ ಕೊರಳಿಗೆ ಹಾಕಿದಳು. ಅದು ಮೊಣಕಾಲಿನವರೆಗೆ ಬಂತು.

ಮನೆಗೆ ಬಂದು ಕಾಲು ತೊಳೆಯುವಾಗ ನೆನಪಾಯಿತು: ಮೊದಲ ಮಾತು ಆ ಅರ್ಧ ವಾಕ್ಯದ್ದಾಗಬೇಕಿತ್ತು.

ಮಾರ್ಚ್ ೨೧, ಮಂಗಳವಾರ. ಯುಗಾದಿ

ಬೇವು ಕಚ್ಚಿದ ಮಗುವಿನ ಮುಖವನ್ನು ನೋಡಿ ಮನೆಯೆಲ್ಲ ನಗು. ಕರೆದುಕೊಂಡು ಬಂದವರು ಅಜ್ಜಿ. ಹೊಸಿಲ ಬಳಿ ಮಗು ತಡೆದು ನಿಂತಾಗ, ಅದರ ಬೆನ್ನ ಮೇಲೆ ಕೈಯಿಟ್ಟು, "ಬಾವ್ವ ಆವಲೀ" ಎಂದರು. ಕದಿರಮ್ಮನ ಒಬ್ಬಟ್ಟು ಚೆನ್ನಾಗಿತ್ತು. ಚೆನ್ನಾಗಿದೆಯೆಂದು ಅವಳಿಗೆ ಹೇಳಿದೆ. ಇಂದಿನ ಮಾತಿನಲ್ಲಿ ಅವಳಿಗೂ ಪಾಲು. ಅವಳು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಏಪ್ರಿಲ್ ೨, ಭಾನುವಾರ

ಗುರುವಾರದ ಪಾಠವನ್ನು ಕದಿರಮ್ಮ ನಡೆಸುತ್ತಿದ್ದಾಳೆ. ಜನ ಹೆಚ್ಚಿದ್ದಾರೆ. ನಾನು ಅವರೊಡನೆ ಕುಳಿತು ಕೇಳುತ್ತೇನೆ. ಅವಳು ಹೇಳುವುದರಲ್ಲಿ ಹುಣಿಸೆಹಣ್ಣು ಸ್ವಲ್ಪ ಹೆಚ್ಚೇ, ಅದೇ ರುಚಿಯೇನೋ.

ನನ್ನ ಪಾಠ ಪ್ರತಿ ಸಂಜೆ, ಒಬ್ಬಳೇ ವಿದ್ಯಾರ್ಥಿನಿಗೆ. ಹಾಜರಿಯಿಂದ ಆರಂಭ. ಮಗುವಿಗೆ ಅದು ಆಟ. ಆಟವಾಗಲೆಂದು ಮನೆಯಲ್ಲಿದ್ದವರನ್ನೆಲ್ಲ ಸಾಲಾಗಿ ಕೂರಿಸಿ ಕರೆಯುತ್ತೇನೆ. ಇಂದು ಜಗಲಿಯಲ್ಲಿ ಕೂರುವ ಮೊದಲು ಮುನಿಶಾಮಮ್ಮ ಕೇಳಿದಳು:

"ಅಮ್ಮಾ, ಅವತ್ತು ಗಂಟ್ಲು ಕಟ್ಟಿದ ದಿನ ಅರ್ಧಕ್ಕೆ ನಿಂತೋಯ್ತಲ್ಲ, ದೇಹ ನೀನಲ್ಲ, ಮನ್ಸು ನೀನಲ್ಲ, ಇವನ್ನ ಅರೀತಿರೋ ನೀನು ಅಂತ. ಆಮೇಲೇನು? ಈ ಕದಿರಮ್ಮೋರ್ನ ಕೇಳಿದ್ರೆ ಸಾರು ಉಕ್ತಾ ಅದೆ ಅಂತ ಎದ್ದೋಗ್ತಾರೆ."

ಮರೆತುಹೋಗಿದೆ ಎಂದೆ. ಅವಳು ನಂಬಲಿಲ್ಲ.

"ಕದಿರಮ್ಮ" ಎಂದು ಕರೆದೆ. "ಬಂದಿದ್ದೀನಿ ಅಕ್ಕಯ್ಯಾ." "ಮುನಿಶಾಮಮ್ಮ." "ಇಲ್ಲೇ ಇವ್ನಿ ತಾಯೀ." "ಆವಲಮ್ಮ."

ಮಗು ಅಂಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಿತು. ಒಂದು ವಾರದಿಂದ ಹೀಗೆ ಮಾಡುತ್ತಿದೆ. ಇಂದು ಕೈಯ ಜೊತೆಗೆ ಒಳಗಿನಿಂದ ಸಣ್ಣದೊಂದು ಶಬ್ದವೂ ಬಂತು. "ಆ." ಮುನಿಶಾಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮಗು ಇನ್ನೂ ಬೇಕೆಂಬಂತೆ ನನ್ನನ್ನು ನೋಡುತ್ತಿತ್ತು. ನಾನು ನನ್ನ ಎದೆಯನ್ನು ಮುಟ್ಟಿ ತೋರಿಸಿ ಕೇಳಿದೆ: "ಇದು ಯಾರು?"

ಅದು ಕ್ಷಣ ಯೋಚಿಸಿತು. ಮತ್ತೆ ತನ್ನ ಎದೆಯ ಮೇಲೆಯೇ ಅಂಗೈಯಿಟ್ಟು, "ಆ" ಎಂದಿತು.

ಕದಿರಮ್ಮ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಪಿಚ್ಚಿ! ಅದು ನೀನಲ್ಲ ಕಣೇ, ಅದು ಅಕ್ಕಯ್ಯ!"

ಎಲ್ಲರೂ ನನ್ನ ಕಡೆಗೆ ತಿರುಗಿದರು, ಈಗ ತಿದ್ದುತ್ತಾಳೆಂದು. ಇಂದಿನ ಮಾತಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

"ಸರಿಯಾಗಿದೆ" ಎಂದೆ. ಅಲ್ಲಿಗೆ ಇಂದಿನದು ಮುಗಿಯಿತು.